ಭೃಗು ಕೆರೆಗೆ ಹೊರಡುವ ಮೊದಲು ರಾತ್ರಿಗಳ ಲೆಕ್ಕ

ಟ್ರೆಕ್ಕಿಂಗ್ ಅಂದ ಕೂಡಲೇ ನಮ್ಮ ಕಡೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಎಷ್ಟು ಕಿಲೋಮೀಟರ್ ನಡೀಲಿಕ್ಕುಂಟು? ಕುಮಾರ ಪರ್ವತ, ಕುದುರೆಮುಖ, ಕೊಡಚಾದ್ರಿ ಅಂತ ಹತ್ತಿ ಇಳಿದವರಿಗೆ ಅಷ್ಟು ಗೊತ್ತಾದರೆ ಸಾಕು. ದೂರ ಎಷ್ಟು, ಏರು ಹೇಗೆ, ಉಂಬಳ ಇದೆಯಾ, ಕತ್ತಲಾಗುವ ಮೊದಲು ಕೆಳಗೆ ಬರಬಹುದಾ. ಮುಗೀತು, ಬ್ಯಾಗು ಹೆಗಲಿಗೆ. ಹಿಮಾಲಯದ ಒಂದು ಕೆರೆಗೆ ಹೋಗುವ ಮಾತು ಮನೆಯಲ್ಲಿ ಶುರುವಾದ ಮೇಲೆ ನಾನು ಆ ಪ್ರಶ್ನೆಯನ್ನು ಬದಿಗಿಟ್ಟಿದ್ದೇನೆ. ಈಗ ನಾನು ಕೇಳುವುದು ಬೇರೆ. ಮೊದಲ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೇವೆ? ಎರಡನೇ ರಾತ್ರಿ? ಅದರ ಮರುದಿನ?

ಹೊರಡುವವರು ನಾಲ್ವರು. ನಾನು, ನನ್ನ ತಮ್ಮ, ಭಾವ, ಮತ್ತೆ ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗಳು. ಅಕ್ಕ ಬರುವುದಿಲ್ಲ. ಅವಳಿಗೆ ಚಳಿ ಅಂದರೆ ಆಗದು. ಹಾಗೆ ನೋಡಿದರೆ ನಮಗ್ಯಾರಿಗೂ ಆಗದು. ಡಿಸೆಂಬರಿನ ಬೆಳಗ್ಗೆ ಉಡುಪಿಯಲ್ಲಿ 20 ಡಿಗ್ರಿಗೆ ಇಳಿದರೆ ಮಫ್ಲರ್ ಹುಡುಕುವ ಮನೆ ನಮ್ಮದು.

ಮೊದಲು ಬಂದ ಹೆಸರು ಚಂದ್ರತಾಲ್. ಹುಡುಗಿಯ ಫೋನಿನಲ್ಲಿ ಅದರ ರೀಲ್ಸ್ ಬಿಟ್ಟರೆ ಬೇರೆ ಇರಲಿಲ್ಲ. ಹಿಮಾಚಲದ ಸ್ಪಿತಿ ಭಾಗದಲ್ಲಿ ಸುಮಾರು 4,250 ಮೀಟರ್ ಎತ್ತರದಲ್ಲಿ ಇರುವ ಕೆರೆ. 2005ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ. ದಡದಲ್ಲಿ ಟೆಂಟ್ ಹಾಕಲು ಬಿಡುವುದಿಲ್ಲ, ಶಿಬಿರಗಳು ಸ್ವಲ್ಪ ದೂರದಲ್ಲಿವೆ. ವಾಹನ ಕೆರೆಯ ಹತ್ತಿರದವರೆಗೂ ಹೋಗುತ್ತದೆ. ಆಮೇಲೆ ಸ್ವಲ್ಪ ನಡೆದರೆ ಆಯಿತು. ಇದನ್ನು ಕೇಳಿ ಭಾವನಿಗೆ ಖುಷಿ. "ನಡೀಲಿಕ್ಕೇ ಇಲ್ಲ ಅಲ್ವಾ, ಹಾಗಾದ್ರೆ ಸುಲಭ," ಅಂದರು.

ನನಗೆ ಹೆದರಿಕೆ ಆದದ್ದೇ ಅಲ್ಲಿ. ನಡೆಯಲಿಕ್ಕೆ ಇಲ್ಲ ಅಂದರೆ ನಿಧಾನವೂ ಇಲ್ಲ. ಬೆಳಗ್ಗೆ ಮನಾಲಿಯಲ್ಲಿ ಗಾಡಿ ಹತ್ತಿ, ಅಟಲ್ ಸುರಂಗ ದಾಟಿ, ಕಲ್ಲು ರಸ್ತೆಯಲ್ಲಿ ಕುಲುಕಾಡಿಕೊಂಡು ಸಂಜೆಗೆ 4,200 ಮೀಟರಿನ ಆಸುಪಾಸು ತಲುಪಿದರೆ, ಆ ರಾತ್ರಿ ಅಲ್ಲೇ ಮಲಗಬೇಕು. ಮನಾಲಿ ಇರುವುದು ಸುಮಾರು 2,050 ಮೀಟರಿನಲ್ಲಿ. ಒಂದೇ ಹಗಲಿನಲ್ಲಿ ಎರಡು ಸಾವಿರ ಮೀಟರಿಗೂ ಜಾಸ್ತಿ. ಅದೂ ಕಾಲಿಗೆ ಒಂದು ಚೂರೂ ದಣಿವಾಗದೆ. ದೇಹಕ್ಕೆ ಏನಾಗುತ್ತಿದೆ ಅಂತ ಗೊತ್ತಾಗುವುದೇ ಊಟ ಬೇಡ ಅನ್ನಿಸಿದಾಗ, ಅಥವಾ ರಾತ್ರಿ ಎರಡಕ್ಕೆ ತಲೆ ಸಿಡಿಯಲು ಶುರುವಾದಾಗ.

ಇದರ ಹಿಂದಿನ ಲೆಕ್ಕ ಕಷ್ಟದ್ದೇನಲ್ಲ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ 60 ಮಾತ್ರ. ಆಮ್ಲಜನಕದ ಪಾಲು ಅಲ್ಲೂ ಇಲ್ಲೂ ಒಂದೇ, ಶೇ 21ರ ಹತ್ತಿರ. ಆದರೆ ಒತ್ತಡ ಕಡಿಮೆಯಾದ್ದರಿಂದ ಒಂದೊಂದು ಉಸಿರಿಗೆ ದಕ್ಕುವುದು ಕಡಿಮೆ. ಅದನ್ನು ಸರಿದೂಗಿಸಲು ಉಸಿರಾಟ ಜೋರಾಗುತ್ತದೆ, ಎದೆಬಡಿತ ಏರುತ್ತದೆ, ಮೂತ್ರ ಜಾಸ್ತಿ ಹೋಗುತ್ತದೆ. ಇವೆಲ್ಲ ಒಂದು ಹದಕ್ಕೆ ಬರಲು ದಿನಗಳೇ ಬೇಕು. ನಿದ್ದೆಯಲ್ಲಿ ಉಸಿರಾಟ ಏರುಪೇರಾಗಿ ರಕ್ತದಲ್ಲಿನ ಆಮ್ಲಜನಕ ಇನ್ನೂ ಇಳಿಯುತ್ತದೆ. ಅದಕ್ಕೇ ಹಗಲು ಎಲ್ಲಿವರೆಗೆ ಹತ್ತಿದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದು ದೊಡ್ಡ ವಿಷಯ. ಎತ್ತರದ ಕಾಯಿಲೆ ಬಲ್ಲ ವೈದ್ಯರು ಹೇಳುವ ನಿಯಮ ಸರಳ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೇ ಸುಮ್ನೆ ಅಲ್ಲೇ ಉಳಿಯಬೇಕು.

ಹೀಗೆ ಚಂದ್ರತಾಲ್ ಪಟ್ಟಿಯಿಂದ ಹೋಯಿತು. ಕಾಶ್ಮೀರದ ಕೆರೆಗಳ ದಾರಿಯೂ ಒಂದು ಸಂಜೆ ಮಾತಿಗೆ ಬಂತು. ಸೋನಾಮಾರ್ಗದಿಂದ ಹೊರಟು ವಿಶನ್‌ಸರ್, ಕೃಷನ್‌ಸರ್, ಗಂಗಾಬಲ್ ಅಂತ ನೋಡಿಕೊಂಡು ನಾರಾನಾಗ್‌ಗೆ ಇಳಿಯುವುದು. ನಡಿಗೆಯೇ ಒಂದು ವಾರ, ಮೇಲೆ ಹೋಗಿಬರುವ ದಿನಗಳು. ತಮ್ಮನಿಗೆ ಅಷ್ಟು ರಜೆ ಸಿಗದು. ಉತ್ತರಾಖಂಡದ ರೂಪಕುಂಡ ಕೆರೆಯ ಹೆಸರು ಹೇಳಿದ್ದು ಭಾವ. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ಕ್ಯಾಂಪ್ ಹಾಕುವುದನ್ನು ನಿಷೇಧಿಸಿತು. ಆ ದಾರಿಯ ಆಲಿ, ಬೇದಿನಿ ಹುಲ್ಲುಗಾವಲುಗಳೂ ಅದರಲ್ಲಿ ಸೇರಿದ್ದವು. ನನಗೆ ಆ ತೀರ್ಪಿನ ಮೇಲೆ ಸಿಟ್ಟೇನಿಲ್ಲ. 2024ರ ಜನವರಿಯ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಸೇರಿದ ಜನಜಂಗುಳಿಯ ವಿಡಿಯೋ ನೋಡಿದವರಿಗೆ ಇಂಥ ನಿಷೇಧ ಯಾಕೆ ಬರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ಉಳಿದದ್ದು ಮನಾಲಿ ಬಳಿಯ ಭೃಗು ಕೆರೆ. ಎತ್ತರ ಹೆಚ್ಚುಕಡಿಮೆ ಚಂದ್ರತಾಲ್‌ನಷ್ಟೇ, 4,250 ಮೀಟರಿನ ಆಸುಪಾಸು. ಹಾಗಾದರೆ ವ್ಯತ್ಯಾಸ ಎಂತ ಅಂತ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಭೃಗುವಿಗೆ ಹಗಲು ಹತ್ತಿ, ಕೆರೆ ನೋಡಿ, ಸಂಜೆಗೆ ಸಾವಿರ ಮೀಟರ್ ಕೆಳಗೆ ಬಂದು ಮಲಗಬಹುದು. ಎತ್ತರ ಒಂದೇ, ರಾತ್ರಿ ಬೇರೆ. ನಮ್ಮಂಥ ಕಡಲತಡಿಯವರಿಗೆ ಇದೇ ಸರಿ ಅಂತ ನನ್ನ ತೀರ್ಮಾನ.

ಕಾಲಿನ ಲೆಕ್ಕದಲ್ಲಿ ಭೃಗು ಅಷ್ಟೇನೂ ಕಷ್ಟದ ದಾರಿಯಲ್ಲ. ಸುಬ್ರಹ್ಮಣ್ಯದಿಂದ ಕುಮಾರ ಪರ್ವತದ ತುದಿಗೆ 1,500 ಮೀಟರಿಗೂ ಜಾಸ್ತಿ ಏರಬೇಕು. ದಾರಿಯಲ್ಲಿ ಸಿಗುವ ಭಟ್ರ ಮನೆಯಲ್ಲಿ ಊಟ ಮಾಡಿ ಒಂದೇ ಉಸಿರಿಗೆ ಹತ್ತಿದವರು ನಮ್ಮೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಭೃಗುವಿನ ಏರು ಅದಕ್ಕಿಂತ ಕಡಿಮೆ. ಆದರೆ ಕುಮಾರ ಪರ್ವತದ ತುದಿ ಇರುವುದು 1,712 ಮೀಟರಿನಲ್ಲಿ. ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ಮನಾಲಿಯ ಮಾಲ್ ರೋಡಿನಲ್ಲಿ ನಿಂತು ಚಾ ಕುಡಿಯುವಾಗಲೇ ನಾವು ಕರ್ನಾಟಕದ ಎಲ್ಲ ಶಿಖರಗಳಿಗಿಂತ ಮೇಲಿರುತ್ತೇವೆ. ಊರಲ್ಲಿ ಎಷ್ಟು ಗುಡ್ಡ ಹತ್ತಿದ್ದರೂ ಅಲ್ಲಿಂದ ಮೇಲಿನ ಗಾಳಿಯ ಪರಿಚಯ ನಮಗಿಲ್ಲ. ಇದನ್ನು ತಮ್ಮನಿಗೆ ಹೇಳಿದಾಗ ಅವನ ಮುಖ ಸ್ವಲ್ಪ ಸಣ್ಣದಾಯಿತು. ಅವನು ಪ್ರತಿ ವರ್ಷ ಕುಮಾರ ಪರ್ವತ ಹತ್ತುವವನು.

ಭೃಗು ಜನಪ್ರಿಯವಾದದ್ದೇ ಅದು ಬೇಗ ಮುಗಿಯುವ ಟ್ರೆಕ್ ಅನ್ನುವ ಕಾರಣಕ್ಕೆ. ಮನಾಲಿ ಬಿಟ್ಟು ಒಂದೇ ದಿನದಲ್ಲಿ ಹೋಗಿಬರುವವರಿದ್ದಾರೆ. ಸಾಮಾನ್ಯ ಪ್ಯಾಕೇಜಿನಲ್ಲಿ ಮೊದಲ ರಾತ್ರಿ ಗುಲಾಬಾ ದಾಟಿ ಸುಮಾರು 3,100 ಮೀಟರಿನಲ್ಲಿ, ಎರಡನೇ ರಾತ್ರಿ 3,800ರ ಹತ್ತಿರ, ಮೂರನೇ ಹಗಲು ಕೆರೆ. ರಜೆ ಕಡಿಮೆ ಇರುವವರಿಗೆ ನೋಡಲು ಚಂದ. ಆದರೆ 500 ಮೀಟರಿನ ನಿಯಮ ಹಿಡಿದು ನೋಡಿದರೆ ಎರಡನೇ ರಾತ್ರಿಯೇ ತಪ್ಪುತ್ತದೆ. ದೆಹಲಿ, ಚಂಡೀಗಢದಿಂದ ಬರುವ ಎಷ್ಟೋ ಹುಡುಗರು ಹಾಗೇ ಹೋಗಿ ಬರುತ್ತಾರೆ, ಏನೂ ಆಗುವುದಿಲ್ಲ. ಆದರೆ ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಅಂತ ಮೊದಲೇ ಹೇಳಲು ಬರುವುದಿಲ್ಲ. ಗಟ್ಟಿಮುಟ್ಟಾದವರಿಗೂ ಆಗಬಹುದು. ಅವರು ಬೇಗ ಬೇಗ ಹತ್ತುವುದರಿಂದ ಅವರಿಗೇ ಮೊದಲು ಆದದ್ದೂ ಇದೆ.

ನಾನು ಕೂತು ಬರೆದ ಪಟ್ಟಿ ಹೀಗಿದೆ. ಮನಾಲಿಯಲ್ಲಿ ಎರಡು ರಾತ್ರಿ. ನಡುವಿನ ಹಗಲು ಹೋಟೆಲಿನಲ್ಲಿ ಬಿದ್ದುಕೊಳ್ಳದೆ ಸೋಲಂಗ್ ಕಡೆ ನಡೆದಾಡಿ ವಾಪಸು. ಆಮೇಲೆ 3,100ರಲ್ಲಿ ಎರಡು ರಾತ್ರಿ. ಅಲ್ಲೂ ನಡುವಿನ ಹಗಲು ಒಂದು ನಾಲ್ಕುನೂರು ಮೀಟರ್ ಹತ್ತಿ, ಬುತ್ತಿ ತಿಂದು, ಇಳಿದು ಮಲಗುವುದು. ಮತ್ತೊಂದು ರಾತ್ರಿ 3,600ರ ಆಸುಪಾಸು. ಮರುದಿನ ಬೆಳಕು ಹರಿಯುವಾಗ ಹೊರಟು ಕೆರೆ, ಮಧ್ಯಾಹ್ನದೊಳಗೆ ಹಿಂದೆ, ಸಂಜೆ 3,100ಕ್ಕೆ. ಕೊನೆಗೆ ಒಂದು ದಿನ ಖಾಲಿ. ಆ ಖಾಲಿ ದಿನದ ಮೇಲೆ ಮನೆಯಲ್ಲಿ ಎಲ್ಲರಿಗೂ ಕಣ್ಣು. ಹುಡುಗಿಗೆ ಪ್ಯಾರಾಗ್ಲೈಡಿಂಗ್ ಮಾಡಬೇಕಂತೆ, ಭಾವನಿಗೆ ವಶಿಷ್ಠದ ಬಿಸಿನೀರಿನ ಕುಂಡದಲ್ಲಿ ಮೀಯಬೇಕಂತೆ. ಮಳೆ ಬಂದರೆ, ಯಾರಿಗಾದರೂ ತಲೆನೋವು ಬಂದರೆ ಆ ದಿನ ಅದಕ್ಕೆ. ಬರದಿದ್ದರೆ ಮೀಯಿರಿ ಅಂದಿದ್ದೇನೆ.

ಮನಾಲಿಯ ಗೈಡ್ ಒಬ್ಬರ ಹತ್ತಿರ ಫೋನಿನಲ್ಲಿ ಮಾತಾಡಿದೆ. ನಮ್ಮ ಪಟ್ಟಿ ಕೇಳಿ ಆಚೆ ಕಡೆ ಒಂದು ಕ್ಷಣ ಸದ್ದಿಲ್ಲ. ಇಷ್ಟು ದಿನ ಯಾಕೆ ಮೇಡಂ, ಬೋರಾಗುತ್ತದೆ ಅಂದರು. ಉಡುಪಿ ಎಷ್ಟು ಎತ್ತರದಲ್ಲಿದೆ ಅಂತ ಕೇಳಿದರು. ಮನೆ ಗೇಟಿನಿಂದ ಸಮುದ್ರದ ಸದ್ದು ಕೇಳುತ್ತದೆ ಅಂದೆ. ಆಮೇಲೆ ಅವರು ದಿನದ ಬಗ್ಗೆ ಚರ್ಚೆಗೆ ಬರಲಿಲ್ಲ. 3,600ರ ಹತ್ತಿರ ನೀರು ಇರುವ ಜಾಗ ತಾವು ತೋರಿಸುತ್ತೇವೆ ಅಂದರು. ನನಗೆ ಬೇಕಾದದ್ದೂ ಅದೇ. ಟೆಂಟ್ ಹಾಕಲು ಚಪ್ಪಟೆ ನೆಲ ಎಲ್ಲಾದರೂ ಸಿಗುತ್ತದೆ, ನೀರು ಎಲ್ಲ ಕಡೆ ಸಿಗುವುದಿಲ್ಲ.

ಭಾವನ ಒಂದು ವಾದ ಇಲ್ಲಿ ಹೇಳಲೇಬೇಕು. ವಿಮಾನ ಬೇಡ, ಮಂಗಳಾ ಎಕ್ಸ್‌ಪ್ರೆಸ್‌ನಲ್ಲೇ ಹೋಗೋಣ, ನಿಧಾನ ಹೋದರೆ ದೇಹ ಒಗ್ಗುತ್ತದೆ ಅಂತ. ರೈಲು ಎರಡು ರಾತ್ರಿ ಓಡಿ ನಮ್ಮನ್ನು ಇಳಿಸುವುದು ನಿಜಾಮುದ್ದೀನ್‌ನಲ್ಲಿ. ದೆಹಲಿ ಸಮುದ್ರಮಟ್ಟದಿಂದ ಇನ್ನೂರು ಚಿಲ್ಲರೆ ಮೀಟರ್ ಮೇಲೆ, ನಮ್ಮ ಮಣಿಪಾಲದ ಗುಡ್ಡದ ಜೊತೆ ಇಟ್ಟು ನೋಡಿದರೂ ದೊಡ್ಡ ಎತ್ತರ ಅಲ್ಲ. ಒಗ್ಗುವುದೆಲ್ಲ ಮನಾಲಿ ತಲುಪಿದ ಮೇಲೆಯೇ. ಆದರೂ ರೈಲಿಗೇ ನನ್ನ ಓಟು. ಸಾಮಾನು ಜಾಸ್ತಿ ಇದೆ, ದುಡ್ಡು ಉಳಿಯುತ್ತದೆ, ಕೊಂಕಣ ರೈಲಿನ ಕಿಟಕಿ ಮಳೆಗಾಲದ ಕೊನೆಗೆ ಚಂದ. ಒಂದು ವಿಷಯ ಮರೆಯಬಾರದು. ಸೆಪ್ಟೆಂಬರಿನಲ್ಲಿ ಕೊಂಕಣ ರೈಲ್ವೆಯದ್ದು ಮಳೆಗಾಲದ ವೇಳಾಪಟ್ಟಿ. ಗಾಡಿಗಳು ನಿಧಾನ ಓಡುತ್ತವೆ, ಹೊರಡುವ ಹೊತ್ತೂ ಬೇರೆ. ದೆಹಲಿಯಿಂದ ಮನಾಲಿಗೆ ಅದೇ ಸಂಜೆಯ ಬಸ್ಸು ಬುಕ್ ಮಾಡುವವರು ಇದನ್ನು ನೋಡಿಕೊಂಡು ಮಾಡಬೇಕು.

ತಿಂಗಳು ಆರಿಸುವುದರಲ್ಲಿ ಹವೆಗಿಂತ ಹಬ್ಬಗಳೇ ಜಾಸ್ತಿ ಕಾಟ ಕೊಟ್ಟವು. ಮೇ, ಜೂನ್‌ನಲ್ಲಿ ಮೇಲೆ ಇನ್ನೂ ಹಿಮ ಇರುತ್ತದೆ, ಜನವೂ ಜಾಸ್ತಿ. ಜುಲೈ, ಆಗಸ್ಟ್ ಮಳೆ. "ಮಳೆ ನಮಗೇನು ಹೊಸದಾ?" ಅಂತ ತಮ್ಮ ಕೇಳಿದ. ನಮ್ಮ ಮಳೆ ಹೊಸದಲ್ಲ, ಅಲ್ಲಿನ ಗುಡ್ಡ ಹೊಸದು. 2023ರ ಜುಲೈಯಲ್ಲಿ ಬಿಯಾಸ್ ನದಿ ಉಕ್ಕಿ ಕುಲ್ಲು–ಮನಾಲಿ ಹೆದ್ದಾರಿ ಹಲವು ಕಡೆ ಕೊಚ್ಚಿಹೋಯಿತು. ಶಿರಾಡಿಯಲ್ಲಿ ಗುಡ್ಡ ಜರಿದರೆ ಚಾರ್ಮಾಡಿಯಲ್ಲಿ ಹೋಗಬಹುದು. ಅಲ್ಲಿ ಅಂಥ ಬದಲಿ ದಾರಿಗಳು ಬೆರಳೆಣಿಕೆಯಷ್ಟು. ಹಾಗಾಗಿ ಸೆಪ್ಟೆಂಬರಿನ ಕೊನೆ. ಮಳೆ ಹಿಂದೆ ಸರಿಯುವ ಹೊತ್ತು, ಹುಲ್ಲು ಇನ್ನೂ ಪೂರ್ತಿ ಒಣಗಿರುವುದಿಲ್ಲ, ಆಕಾಶ ತೆರವಾಗಿರುತ್ತದೆ.

ಆದರೆ ಅಷ್ಟಮಿಗೆ ಉಡುಪಿ ಬಿಡುವ ಹಾಗಿಲ್ಲ. ಚೌತಿಗೆ ಮನೆಯಲ್ಲಿ ಗಣಪತಿ. ನವರಾತ್ರಿಗೆ ತಮ್ಮ ಮಂಗಳೂರಿನಲ್ಲಿ ಹುಲಿವೇಷದ ಹಿಂದೆ. ಅದೂ ಅಲ್ಲದೆ ವಿಜಯದಶಮಿಯಂದು ಎಲ್ಲ ಕಡೆ ದಸರಾ ಮುಗಿದರೆ ಕುಲ್ಲುವಿನಲ್ಲಿ ಅವತ್ತೇ ಶುರು. ಆ ವಾರ ಮನಾಲಿ ದಾರಿಯಲ್ಲಿ ಹೋಗುವುದು ಬೇಡ. ಚೌತಿಗೂ ನವರಾತ್ರಿಗೂ ನಡುವೆ ಉಳಿಯುವುದು ಪಕ್ಷದ ದಿನಗಳು. ಅಮ್ಮನ ಮುಖ ಗಂಟಿಕ್ಕಿತು. "ಪಕ್ಷದಲ್ಲಿ ಯಾರಾದ್ರೂ ಹೊರಡ್ತಾರಾ? ಅದೂ ಕೆರೆ ನೋಡ್ಲಿಕ್ಕೆ! ವರಂಗದಲ್ಲಿ ಕೆರೆ ಇಲ್ವಾ? ಮಧ್ಯದಲ್ಲಿ ಬಸದಿ ಉಂಟು, ದೋಣಿ ಉಂಟು, ಸಂಜೆಗೆ ಮನೆಗೆ ಬರಬಹುದು." ವರಂಗದ ಕೆರೆಬಸದಿ ನಿಜಕ್ಕೂ ಚಂದ, ಅಮ್ಮನ ಮಾತಿಗೆ ಎದುರುತ್ತರ ಇಲ್ಲ. ಅಪ್ಪನ ಮಹಾಲಯ ಮುಗಿಸಿಯೇ ಹೊರಡುವುದು ಅಂತ ರಾಜಿ ಆಯಿತು. ಪಕ್ಷದಲ್ಲಿ ಬೇರೆಯವರೂ ಹೊರಡುವುದಿಲ್ಲ, ಹಾಗಾಗಿ ಟಿಕೆಟ್ ಸಿಗುವುದು ಸುಲಭ ಅನ್ನುವುದು ತಮ್ಮನ ಲೆಕ್ಕಾಚಾರ.

ಸಾಮಾನಿನ ವಿಷಯಕ್ಕೆ ಬಂದರೆ, ಕರಾವಳಿಯವರಿಗೆ ಮಾತ್ರ ಇರುವ ಒಂದು ತೊಂದರೆ ಇದೆ. ಅದನ್ನು ಯಾವ ಟ್ರೆಕ್ಕಿಂಗ್ ಪಟ್ಟಿಯಲ್ಲೂ ನಾನು ನೋಡಿಲ್ಲ. ತಮ್ಮನ ಗೆಳೆಯನೊಬ್ಬ ತನ್ನ ಟೆಂಟ್ ಕೊಟ್ಟಿದ್ದ. ಒಳ್ಳೆಯ ಟೆಂಟ್, ಹೆಚ್ಚು ಬಳಸಿರಲಿಲ್ಲ, ಕಪಾಟಿನ ಮೇಲೆ ಇಟ್ಟಲ್ಲೇ ಇತ್ತಂತೆ. ಹೊರಗೆ ಮಳೆ, ಹಾಗಾಗಿ ಚಾವಡಿಯಲ್ಲೇ ಬಿಡಿಸಿದೆವು. ಚೀಲದಿಂದ ಎಳೆಯುವಾಗಲೇ ಹುಳಿ ವಾಸನೆ. ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿದಾಗ ಚರಚರ ಅಂತ ಸದ್ದು. ಬಟ್ಟೆಯ ಒಳಮೈ ಮುಟ್ಟಿದರೆ ಬೆರಳು ಜಿಗುಟು, ಕೆಲವು ಕಡೆ ಬಿಳಿ ಹೊಟ್ಟು ಉದುರಿ ನೆಲದ ರೆಡ್ ಆಕ್ಸೈಡಿನ ಮೇಲೆ ಬಿತ್ತು. ಹೊಲಿಗೆಯ ಮೇಲಿನ ಟೇಪನ್ನು ಹುಡುಗಿ ಉಗುರಿನಿಂದ ಎತ್ತಿದಳು. ಉದ್ದಕ್ಕೆ ಕಿತ್ತುಕೊಂಡು ಬಂತು. ನೀರು ಒಳಗೆ ಬರದಂತೆ ತಡೆಯುವುದು ಆ ಒಳಮೈಯ ಪಾಲಿಯುರಿಥೇನ್ ಲೇಪ. ತೇವದ ಗಾಳಿಯಲ್ಲಿ ಅದು ವರ್ಷಗಟ್ಟಲೆ ನಿಧಾನಕ್ಕೆ ಒಡೆಯುತ್ತದೆ, ಬಳಸದೇ ಇಟ್ಟರೂ ಸರಿ. ಚೀಲಕ್ಕೆ ಬಿಗಿಯಾಗಿ ತುರುಕಿ ಇಟ್ಟರೆ ಇನ್ನೂ ಬೇಗ.

ಶೂಗಳದ್ದೂ ಇದೇ ಕಥೆ. ಮೆತ್ತನೆಯ ನಡುವಿನ ಅಟ್ಟೆ ಎಷ್ಟೋ ಶೂಗಳಲ್ಲಿ ಪಾಲಿಯುರಿಥೇನ್‌ನದ್ದೇ. ಹೊರಗಿಂದ ಹೊಸದರಂತೆ ಕಾಣುತ್ತದೆ. ಭಾವನ ಹಳೇ ಟ್ರೆಕ್ಕಿಂಗ್ ಶೂ ತೆಗೆದು ಮುಂಗಾಲಿನ ಹತ್ತಿರ ಜೋರಾಗಿ ಬಗ್ಗಿಸಿ ನೋಡಿದೆವು. ಬದಿಯಲ್ಲಿ ಬಿರುಕು ಬಾಯಿ ಬಿಟ್ಟಿತು, ಹೆಬ್ಬೆರಳಿನಿಂದ ಒತ್ತಿದರೆ ಪುಡಿ ಉದುರಿತು. 3,600 ಮೀಟರಿನಲ್ಲಿ ಬಾಯಿ ಬಿಡುವುದಕ್ಕಿಂತ ಚಾವಡಿಯಲ್ಲಿ ಬಿಟ್ಟದ್ದು ಒಳ್ಳೆಯದಾಯಿತು. ಮಂಗಳೂರು, ಉಡುಪಿಯವರು ಯಾರೇ ಆಗಲಿ, ಅಟ್ಟದಿಂದ ಇಳಿಸಿದ ಶೂ ಹಾಕಿಕೊಂಡು ನೇರ ಹಿಮಾಲಯಕ್ಕೆ ಹೋಗಬೇಡಿ. ಮೊದಲು ಒಂದು ತಿಂಗಳು ಇಲ್ಲೇ ಹಾಕಿ ನಡೆಯಿರಿ. ಟೆಂಟ್ ಅಂತೂ ನಾವು ಮನಾಲಿಯಲ್ಲೇ ಬಾಡಿಗೆಗೆ ತೆಗೆದುಕೊಳ್ಳುತ್ತೇವೆ. ಅಲ್ಲಿನ ಒಣ ಗಾಳಿಯಲ್ಲಿ ಅವು ನಮ್ಮವಕ್ಕಿಂತ ಚೆನ್ನಾಗಿ ಬಾಳುತ್ತವೆ.

ಸ್ಲೀಪಿಂಗ್ ಬ್ಯಾಗಿನ ಮೇಲೆ ಎರಡು ಮೂರು ಅಂಕಿ ಬರೆದಿರುತ್ತಾರೆ. ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. ಅಂಗಡಿಯವರು ದೊಡ್ಡದಾಗಿ ತೋರಿಸುವುದು ಅತಿ ಕಡಿಮೆ ಅಂಕಿಯನ್ನು. ಎಕ್ಸ್‌ಟ್ರೀಮ್ ಅಂದರೆ ಜೀವ ಉಳಿಯಬಹುದಾದ ಚಳಿ, ನಿದ್ದೆ ಬರುವ ಚಳಿ ಅಲ್ಲ. ನಮ್ಮಂಥವರು ಕಂಫರ್ಟ್ ಮಾತ್ರ ನೋಡಬೇಕು. ಅದೂ ಅಲ್ಲಿ ಇರಬಹುದಾದ ಚಳಿಗಿಂತ ಐದು ಡಿಗ್ರಿ ಕೆಳಗಿನ ಅಂಕಿಯದ್ದು ತೆಗೆದುಕೊಳ್ಳಬೇಕು ಅಂತ ನನ್ನ ಅಭಿಪ್ರಾಯ. ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಸೆಪ್ಟೆಂಬರಿನ ಕೊನೆಯ ರಾತ್ರಿ ಅಷ್ಟು ಮೇಲೆ ಸೊನ್ನೆಯ ಕೆಳಗೆ ಹೋದರೆ ಆಶ್ಚರ್ಯ ಇಲ್ಲ. ಹತ್ತಿಯ ಬನಿಯನ್, ಬೈರಾಸು ಎಲ್ಲ ಮನೆಯಲ್ಲೇ ಇರಲಿ. ಬೆವರು ಹೀರಿದ ಹತ್ತಿ ಅಲ್ಲಿ ಮೈಮೇಲೆ ಒಣಗುವುದಿಲ್ಲ, ಮೈಯ ಬಿಸಿಯನ್ನೇ ಎಳೆದುಕೊಳ್ಳುತ್ತದೆ. ಉಣ್ಣೆಯ ಸ್ವೆಟರ್ ನಮ್ಮ ಕಪಾಟಿನಲ್ಲೂ ಇದೆ. ಬೂಷ್ಟು ಒರೆಸಿ ಬಿಸಿಲಿಗೆ ಹಾಕಬೇಕು, ಬಿಸಿಲು ಬಂದ ದಿನ.

ಕಾಲು ಗಟ್ಟಿ ಮಾಡಿಕೊಳ್ಳಲು ನಮ್ಮಲ್ಲಿ ಜಾಗಕ್ಕೇನೂ ಬರ ಇಲ್ಲ. ತಮ್ಮ ಮಲ್ಪೆಯ ಮರಳಿನಲ್ಲಿ ಓಡುತ್ತಾನೆ. ಒಳ್ಳೆಯದೇ, ಆದರೆ ಮೊಣಕಾಲು ಸೋಲುವುದು ಇಳಿಯುವಾಗ, ಮರಳಿನಲ್ಲಿ ಇಳಿಜಾರು ಎಲ್ಲಿದೆ? ಮೆಟ್ಟಿಲು ಬೇಕು. ಹುಡುಗಿ ಕದ್ರಿಯ ಮೆಟ್ಟಿಲು ಹತ್ತಿ ಇಳಿಯುತ್ತಾಳೆ. ಮಳೆ ಬಿಟ್ಟ ಮೇಲೆ ಬೆಳ್ತಂಗಡಿ ಬಳಿಯ ಗಡಾಯಿಕಲ್ಲಿಗೆ ಎಲ್ಲರೂ ಹೋಗುವುದು ಅಂತ ಇದೆ. 1,876 ಮೆಟ್ಟಿಲು ಅನ್ನುತ್ತಾರೆ, ಬಂಡೆಯಲ್ಲೇ ಕಡಿದವು. ಮಳೆಗಾಲದಲ್ಲಿ ಜಾರುತ್ತವೆ, ಹೋಗಬಾರದು. ಬ್ಯಾಗಿಗೆ ಭಾರ ಹಾಕಲು ನೀರಿನ ಬಾಟಲಿಯೇ ಒಳ್ಳೆಯದು. ಹತ್ತುವಾಗ ಹೊತ್ತು, ಮೇಲೆ ಚೆಲ್ಲಿ, ಹಗುರವಾಗಿ ಇಳಿಯಬಹುದು. ಶುರುವಿನ ದಿನಗಳಲ್ಲಿ ಐವತ್ತು ದಾಟಿದ ಭಾವನ ಮೊಣಕಾಲಿಗೆ ಇದೇ ಸರಿ.

ಊಟದ ವಿಷಯದಲ್ಲಿ ಅಮ್ಮನ ಜೊತೆ ಇನ್ನೊಂದು ಸುತ್ತು ಮಾತಾಯಿತು. ಒಂದು ಸೇರು ಕುಚ್ಚಲಕ್ಕಿ ಕಟ್ಟಿಕೊಡುತ್ತೇನೆ, ಹೊಟ್ಟೆ ಕೆಟ್ಟರೆ ಗಂಜಿ ಮಾಡಿಕೊಳ್ಳಿ ಅಂದರು. ಉಡುಪಿಯಲ್ಲೇ ಕುಚ್ಚಲಕ್ಕಿ ಬೇಯಲು ಎಷ್ಟು ಹೊತ್ತು ಬೇಕು ಅಂತ ಗೊತ್ತಲ್ಲ. 3,600 ಮೀಟರಿನಲ್ಲಿ ನೀರು 88 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಎಷ್ಟು ಕುದಿಸಿದರೂ ಅದಕ್ಕಿಂತ ಬಿಸಿ ಏರುವುದಿಲ್ಲ. ಕುಕ್ಕರ್ ಇಲ್ಲದಿದ್ದರೆ ಗ್ಯಾಸ್ ಮುಗಿದೀತು, ಅನ್ನ ಆಗದು. ಬೆಳ್ತಿಗೆ ಅಕ್ಕಿ, ಹೆಸರುಬೇಳೆ, ಕುಕ್ಕರ್ ಎಲ್ಲ ಗೈಡ್ ತರುತ್ತಾರೆ. ನಮ್ಮ ಪಾಲಿಗೆ ತೆಳು ಅವಲಕ್ಕಿ, ಬೆಲ್ಲ, ಒಣ ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ, ಕಷಾಯದ ಪುಡಿ. ಎತ್ತರದಲ್ಲಿ ಹಸಿವು ಸಾಯುತ್ತದೆ. ಆಗ ಗೊತ್ತಿರುವ ರುಚಿ ಇದ್ದರೆ ನಾಲ್ಕು ತುತ್ತು ಒಳಗೆ ಹೋಗುತ್ತದೆ.

ಗ್ಯಾಸ್ ಕ್ಯಾನಿಸ್ಟರ್ ವಿಮಾನದಲ್ಲೂ ರೈಲಿನಲ್ಲೂ ಒಯ್ಯುವ ಹಾಗಿಲ್ಲ, ಅಲ್ಲೇ ಕೊಳ್ಳಬೇಕು. ಬರೀ ಬ್ಯುಟೇನ್ ತುಂಬಿದ್ದು ಸೊನ್ನೆಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಐಸೊಬ್ಯುಟೇನ್, ಪ್ರೊಪೇನ್ ಬೆರೆಸಿದ್ದು ಕೇಳಿ ತೆಗೆದುಕೊಳ್ಳಬೇಕು. ಕ್ಯಾಂಪ್ ಫೈರ್ ಬೇಕು ಅಂತ ಹುಡುಗಿಯ ಆಸೆ. ಮರಗಳೆಲ್ಲ ಕೆಳಗೇ ಮುಗಿದಿರುತ್ತವೆ. ಮೇಲೆ ಸಿಗುವುದು ನೆಲಕ್ಕಂಟಿದ ಪೊದೆಗಳು, ಅವು ಇಷ್ಟು ಬೆಳೆಯಲು ಎಷ್ಟೋ ವರ್ಷ ಬೇಕು. ಒಂದು ರಾತ್ರಿಯ ಫೋಟೋಗೆ ಅದನ್ನು ಸುಡುವುದು ಸರಿಯಲ್ಲ ಅಂದೆ. ಒಪ್ಪಿದಳು, ಸ್ವಲ್ಪ ಮುಖ ಊದಿಸಿಕೊಂಡು.

ಕೆರೆಯ ಬಗ್ಗೆ ಒಂದು ಮಾತು. ಅಲ್ಲಿನವರಿಗೆ ಅದು ಭೃಗು ಋಷಿಯ ಜಾಗ, ದೇವರ ಕೆರೆ. ಚಳಿಗಾಲದಲ್ಲೂ ಪೂರ್ತಿ ಹೆಪ್ಪುಗಟ್ಟುವುದಿಲ್ಲ ಅನ್ನುವ ನಂಬಿಕೆ ಇದೆ. ದಡದಲ್ಲಿ ಟೆಂಟ್ ಹಾಕುವುದು, ಸೋಪು ಹಾಕಿ ಕೈಕಾಲು ತೊಳೆಯುವುದು, ಇಳಿದು ಈಜುವುದು ನಮ್ಮ ಪಟ್ಟಿಯಲ್ಲಿಲ್ಲ. ಮಧ್ವ ಸರೋವರದಲ್ಲಿ ಯಾರಾದರೂ ತಟ್ಟೆ ತೊಳೆದರೆ ನಾವು ಸುಮ್ಮನಿರುತ್ತೇವಾ? ಶೌಚದ ವಿಷಯದಲ್ಲೂ ನಾಚಿಕೆ ಬಿಟ್ಟು ಮೊದಲೇ ಮಾತಾಡಿಕೊಳ್ಳಬೇಕು. ನೀರಿನಿಂದ ಕನಿಷ್ಠ 60 ಮೀಟರ್ ದೂರ, ಒಂದು ಗೇಣು ಆಳದ ಗುಂಡಿ, ಆಮೇಲೆ ಮಣ್ಣು ಮುಚ್ಚುವುದು. ಟಿಶ್ಯೂ, ಪ್ಯಾಡ್ ಎಲ್ಲ ಚೀಲದಲ್ಲಿ ಕಟ್ಟಿ ವಾಪಸು. ಅಲ್ಲಿನ ತೋಡುಗಳು ಕೆಳಗಿನ ಊರಿಗೆ ಹರಿಯುತ್ತವೆ, ಕುರಿ ಮೇಯಿಸುವ ಗದ್ದಿಗಳು ಅದನ್ನೇ ಕುಡಿಯುತ್ತಾರೆ.

ಮದ್ದಿನ ವಿಷಯ ಡಾಕ್ಟರಿಗೇ ಬಿಟ್ಟಿದ್ದೇವೆ. ಡಯಾಮಾಕ್ಸ್ ಅನ್ನುವ ಮಾತ್ರೆ ದೇಹ ಬೇಗ ಒಗ್ಗಲು ಸಹಾಯ ಮಾಡುತ್ತದೆ. ಆದರೆ ಸಲ್ಫಾ ಮದ್ದು ಆಗದವರಿಗೆ ತೊಂದರೆ ಆಗಬಹುದು, ಭಾವನಿಗೆ ಬಿಪಿ ಮಾತ್ರೆಯೂ ಇದೆ. ಕೇಳದೆ ತೆಗೆದುಕೊಳ್ಳುವುದಲ್ಲ. ಅದನ್ನು ನುಂಗಿದರೆ ನಿಯಮ ಮುರಿಯಬಹುದು ಅಂತಲೂ ಅಲ್ಲ. ನಾವು ನಾವೇ ನೋಡಿಕೊಳ್ಳಬೇಕಾದ ಲಕ್ಷಣಗಳನ್ನು ಹುಡುಗಿ ಒಂದು ಹಾಳೆಯಲ್ಲಿ ಬರೆದಿದ್ದಾಳೆ. ತಲೆನೋವಿನ ಜೊತೆ ಊಟ ಸೇರದಿರುವುದು, ವಾಕರಿಕೆ, ತಲೆಸುತ್ತು ಬಂದರೆ ಅಲ್ಲಿಂದ ಮೇಲೆ ಹೋಗುವುದಿಲ್ಲ. ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲು ಆಗದಿದ್ದರೆ, ಮಾತು ತೊದಲಿದರೆ, ಕೂತಲ್ಲೇ ಏದುಸಿರು ಬಂದರೆ ಆ ಕ್ಷಣ ಇಳಿಯಬೇಕು, ರಾತ್ರಿಯಾದರೂ ಸರಿ. ಮೆದುಳಿಗೋ ಶ್ವಾಸಕೋಶಕ್ಕೋ ನೀರು ತುಂಬುವುದರ ಸೂಚನೆ ಅದು.

ಇಳಿಯುವುದಾದರೆ ಯಾರ ಜೊತೆ ಯಾರು? ಇದನ್ನು ಇಲ್ಲೇ, ಹೊಟ್ಟೆ ತುಂಬಿರುವಾಗ, ತೀರ್ಮಾನ ಮಾಡಬೇಕು ಅಂತ ನನ್ನ ಹಠ. ಅಲ್ಲಿ ಕೆರೆ ಎರಡು ಗಂಟೆ ದೂರ ಇರುವಾಗ ಯಾರಿಗೂ ಇಳಿಯಲು ಮನಸ್ಸು ಬರುವುದಿಲ್ಲ. ಹುಷಾರಿಲ್ಲದವನಂತೂ "ನನಗೇನೂ ಆಗಿಲ್ಲ, ನೀವು ಹೋಗಿ" ಅನ್ನುತ್ತಾನೆ. ಒಬ್ಬರನ್ನೇ ಕೆಳಗೆ ಕಳಿಸುವುದು ಆಗದ ಮಾತು. ಭಾವನಿಗೆ ತಮ್ಮ ಜೋಡಿ, ಹುಡುಗಿಗೆ ನಾನು. ಜೋಡಿಯಲ್ಲಿ ಒಬ್ಬರು ಇಳಿದರೆ ಇನ್ನೊಬ್ಬರೂ ಇಳಿಯಬೇಕು, ವಾದ ಇಲ್ಲ. ಅಪ್ಪ-ಮಗಳನ್ನು ಬೇಕೆಂದೇ ಬೇರೆ ಬೇರೆ ಜೋಡಿ ಮಾಡಿದ್ದು. ಒಬ್ಬರ ಆಸೆಗಾಗಿ ಇನ್ನೊಬ್ಬರು ತಲೆನೋವು ಬಚ್ಚಿಡುವ ಜನ ಅವರು. ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು ಅಕ್ಕ, ಭಾವ ಇಳಿದ್ರೆ ನಾನೂ ಇಳಿತೇನೆ. ಆದ್ರೆ ಬರುವ ವರ್ಷ ನನ್ನನ್ನೊಬ್ಬನನ್ನೇ ಕಳಿಸ್ಬೇಕು," ಅಂದ. ಗೈಡ್ ಇದ್ದರೆ ಕಳಿಸುತ್ತೇನೆ ಅಂದೆ.

ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಆ ದಿನ ಬೆಳಗ್ಗೆ ಎಂಟಕ್ಕೆ ತಮ್ಮ ಲಾಗಿನ್ ಆಗಿ ಕೂತಿರಬೇಕು, ಎರಡು ಲೋವರ್ ಬರ್ತ್ ಬೇಕೇ ಬೇಕು. ಅವನನ್ನು ಏಳೂವರೆಗೆ ಎಬ್ಬಿಸುವ ಕೆಲಸ ಅಮ್ಮ ವಹಿಸಿಕೊಂಡಿದ್ದಾರೆ.